ಗೊಬ್ಬರದ ಬಕೆಟ್ ನಾರುತ್ತಿದೆ, ಗಿಡ ಹಳದಿಯಾಗುತ್ತಿದೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಅಡುಗೆಮನೆಯ ಹಸಿಕಸ, ತರಗೆಲೆ, ಗಾಣದ ಹಿಂಡಿ, ಒಲೆಯ ಬೂದಿ. ತಾರಸಿಯ ಮೂವತ್ತು ನಲವತ್ತು ಕುಂಡಗಳಿಗೆ ಬೇಕಾದ ಗೊಬ್ಬರ ಹೆಚ್ಚುಕಡಿಮೆ ಇಷ್ಟರಲ್ಲೇ ಆಗುತ್ತದೆ. ಎಲ್ಲೋ ಎಡವಟ್ಟಾದಾಗ ಮಾತ್ರ ಬಹಳ ಮಂದಿ ಮಾಡುವುದು ಒಂದೇ ಕೆಲಸ: ಇನ್ನೇನನ್ನೋ ತಂದು ಸುರಿಯುವುದು. ಬಕೆಟ್ ನಾರಿದರೆ ಬೆಲ್ಲದ ನೀರು, ಎಲೆ ಹಳದಿಯಾದರೆ ಬಾಳೆಸಿಪ್ಪೆ ನೀರು, ಕಾಯಿ ಕೆಟ್ಟರೆ ಮೊಟ್ಟೆ ಚಿಪ್ಪು. ಆದರೆ ಕುಂಡದ ಗಿಡ ಗೊಬ್ಬರ ಸಾಲದೆ ಸೊರಗುವುದಕ್ಕಿಂತ ಹಸಿ ಗೊಬ್ಬರ, ಅತಿ ಗೊಬ್ಬರ, ನಿಂತ ನೀರು ಇವುಗಳಿಂದ ಕೆಡುವುದೇ ಹೆಚ್ಚು. ಆದ್ದರಿಂದ ಇಲ್ಲಿಯ ಕ್ರಮ ಇಷ್ಟೇ: ಮೊದಲು ಮೂಗು, ಆಮೇಲೆ ಕೈ, ಆಮೇಲೆ ಎಲೆ. ಏನನ್ನಾದರೂ ಹಾಕುವ ಮಾತು ಕೊನೆಗೆ.

ಸರಿಯಾದ ಬಕೆಟ್ ಹೇಗಿರಬೇಕು

ದೋಷ ಹುಡುಕಲು ಸರಿಯಾದದ್ದು ಯಾವುದೆಂದು ಗೊತ್ತಿರಬೇಕಲ್ಲ. 20 ಲೀಟರಿನ ಹಳೆ ಪೇಂಟ್ ಬಕೆಟ್ ಸಾಕು. ಪಕ್ಕದಲ್ಲಿ ಸುತ್ತಲೂ 6 ರಿಂದ 8 ಮಿ.ಮೀ.ನ ಇಪ್ಪತ್ತು ಮೂವತ್ತು ತೂತು, ತಳದಲ್ಲಿ ಐದಾರು, ಕೆಳಗೊಂದು ತಟ್ಟೆ. ಬಕೆಟ್ಟನ್ನು ಎರಡು ಇಟ್ಟಿಗೆ ತುಂಡಿನ ಮೇಲೆ ಎತ್ತಿಡಿ. ನೆಲಕ್ಕೆ ಅಂಟಿ ಕೂತರೆ ತಳದ ತೂತು ಇದ್ದೂ ಇಲ್ಲದಂತೆ. ಒಳಗೆ ತಳಕ್ಕೆ ಮೂರು ಅಂಗುಲ ತೆಂಗಿನ ಸಿಪ್ಪೆಯ ಚೂರು ಅಥವಾ ಒಣ ಕಡ್ಡಿ.

ಒಂದು ಪಾತ್ರೆ ಹಸಿಕಸಕ್ಕೆ ಅದೇ ಪಾತ್ರೆಯಲ್ಲಿ ಒಂದೂವರೆಯಿಂದ ಎರಡು ಪಾತ್ರೆ ಪುಡಿ ಮಾಡಿದ ತರಗೆಲೆ. ಇದು ತೂಕದ ಲೆಕ್ಕವಲ್ಲ, ಅಳತೆಯ ಲೆಕ್ಕ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಮತ್ತು ಸಾರಜನಕ ಸುಮಾರು 25ರಿಂದ 30ಕ್ಕೆ 1ರ ಪ್ರಮಾಣದಲ್ಲಿ ಬೇಕು. ತರಕಾರಿ ಸಿಪ್ಪೆಯಲ್ಲಿ ಅದು 15ರ ಆಸುಪಾಸಿನಲ್ಲಿರುತ್ತದೆ, ತರಗೆಲೆಯಲ್ಲಿ 40ರಿಂದ 80. ಎರಡೂ ಬೆರೆತಾಗಲೇ ಕೆಲಸ ಸಾಗುವುದು. ಸಿಪ್ಪೆಯನ್ನು ಒಂದಂಗುಲಕ್ಕೆ ಹೆಚ್ಚಿ ಹಾಕಿ. ಮೊದಲ ಸಲ ಹಾಲಿಗೆ ಹೆಪ್ಪು ಹಾಕಿದಂತೆ ಒಂದೆರಡು ಹಿಡಿ ಹಳೆ ಗೊಬ್ಬರ, ಅದಿಲ್ಲದಿದ್ದರೆ ಅರ್ಧ ಲೋಟ ಹುಳಿ ಮಜ್ಜಿಗೆ ಸೇರಿಸಿ. ವಾರಕ್ಕೆ ಎರಡು ಸಲ ಕೆದಕಿ. ನಾಲ್ಕು ಜನರ ಮನೆಯಲ್ಲಿ ಬಕೆಟ್ ಮೂರು ನಾಲ್ಕು ವಾರಕ್ಕೆ ತುಂಬುತ್ತದೆ. ಆಮೇಲೆ ಅದನ್ನು 45ರಿಂದ 60 ದಿನ ಪಕ್ಕಕ್ಕಿಟ್ಟು ಎರಡನೇ ಬಕೆಟ್ ಶುರು ಮಾಡಬೇಕು. ಒಂದೇ ಬಕೆಟ್ಟಿನಲ್ಲಿ ಮೇಲೆ ಹಾಕುತ್ತಾ ಕೆಳಗಿಂದ ತೆಗೆಯುತ್ತಾ ಹೋಗುವವರಿಗೆ ಸಿಗುವುದು ಯಾವಾಗಲೂ ಅರೆಬೆಂದ ಗೊಬ್ಬರವೇ.

ಮೂಗು ಹೇಳುವುದು

ಚರಂಡಿಯ, ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿಯಿಲ್ಲ ಎಂದರ್ಥ. ನಡುವಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಒಂದೆರಡು ಹನಿ ಬೆರಳ ಸಂದಿಯಲ್ಲಿ ಕಾಣಿಸಿಕೊಂಡರೆ ತೇವ ಸರಿಯಾಗಿದೆ. ಧಾರೆಯಾಗಿ ಇಳಿದರೆ ನೀರು ಹೆಚ್ಚು. ಹಿಂಡಿದ ಮುದ್ದೆ ಕೈ ಬಿಟ್ಟೊಡನೆ ಪುಡಿಯಾಗಿ ಉದುರಿದರೆ ಒಣಗಿದೆ. ನೀರು ಹೆಚ್ಚಾಗಲು ಸಾಮಾನ್ಯ ಕಾರಣಗಳು ಸಾರು, ಹುಳಿ, ಮಜ್ಜಿಗೆ ಅನ್ನದ ಉಳಿಕೆ, ಕಲ್ಲಂಗಡಿ ಸಿಪ್ಪೆ, ಮತ್ತು ಕಸ ಕುಗ್ಗಲೆಂದು ಕೈಯಿಂದ ಒತ್ತುವ ಅಭ್ಯಾಸ. ತಳದ ತೂತಿಗೆ ಒಂದು ಕಡ್ಡಿ ತೂರಿಸಿ ನೋಡಿ. ಅನ್ನದ ಅಗುಳು, ಚಹಾ ಗಸಿ ಕೂತು ಮುಚ್ಚಿಹೋಗಿರುತ್ತದೆ.

ಇದಕ್ಕೆ ಮೇಲಿಂದ ಎರಡು ಹಿಡಿ ಒಣ ಎಲೆ ಉದುರಿಸಿದರೆ ಸಾಲದು, ನಾತ ಇರುವುದು ಕೆಳಗೆ. ಪೂರ್ತಿ ಬಕೆಟ್ಟನ್ನು ಹಳೆ ಗೋಣಿ ಅಥವಾ ಟಾರ್ಪಾಲಿನ ಮೇಲೆ ಬೋರಲು ಹಾಕಿ, ನೆರಳಲ್ಲಿ ಒಂದೆರಡು ಗಂಟೆ ಹರವಿ, ಮೂರು ನಾಲ್ಕು ಲೀಟರ್ ಅಳತೆಯ ಒಣ ಎಲೆಪುಡಿ ಬೆರೆಸಿ, ಒತ್ತದೆ ಸಡಿಲವಾಗಿ ತುಂಬಿ. ಎರಡು ದಿನದಲ್ಲಿ ನಾತ ಇಳಿಯುತ್ತದೆ. ಇಳಿಯದಿದ್ದರೆ ಎಲೆ ಇನ್ನೂ ಸಾಲದು. ವಾಸನೆ ತಡೆಯಲೆಂದು ಸುಣ್ಣ ಎರಚಬೇಡಿ. ಸುಣ್ಣ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಗೊಬ್ಬರದಲ್ಲಿ ಉಳಿಯಬೇಕಾದ ಮುಖ್ಯ ಸತ್ವವೇ ಅದು.

ಮೂಗಿಗೆ ಚುಚ್ಚುವ ಗಂಜಲದ ಘಾಟು ಬೇರೆ ದೋಷ. ಅದು ಸಾರಜನಕ ಹೆಚ್ಚಾದ ಲಕ್ಷಣ: ಹಿಂಡಿ, ಕೋಳಿ ಗೊಬ್ಬರ, ಕತ್ತರಿಸಿದ ಹಸಿ ಹುಲ್ಲು ಒಮ್ಮೆಗೇ ಬಿದ್ದಿದೆ, ಇಲ್ಲವೇ ಬೂದಿ ಸೇರಿದೆ. ಇಲ್ಲಿ ಗಾಳಿಯಾಡಿಸುವುದಕ್ಕಿಂತ ಇಂಗಾಲ ಕೊಡುವುದು ಮುಖ್ಯ. ಹರಿದ ರಟ್ಟು (ಟೇಪು ಕಿತ್ತು, ಹೊಳಪಿನ ಹಾಳೆ ಬಿಟ್ಟು), ರಾಗಿ ಹುಲ್ಲಿನ ಚೂರು, ಒಂದೆರಡು ಹಿಡಿ ಮರದ ಹೊಟ್ಟು. ಹೊಟ್ಟಿನಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲದ ಪಾಲು ತರಗೆಲೆಗಿಂತ ಹಲವು ಪಟ್ಟು ಹೆಚ್ಚು. ಕೈ ಜೋರಾದರೆ ಗೊಬ್ಬರವಾಗುವ ಕೆಲಸವೇ ನಿಂತುಹೋಗುತ್ತದೆ.

ಹುಳಿ ಹೆಂಡದ ವಾಸನೆ ಬಂದರೆ ಹಣ್ಣಿನ ಸಿಪ್ಪೆ ಮತ್ತು ಅನ್ನ ಹೆಚ್ಚಾಗಿದೆ. ಒಣ ಎಲೆ ಬೆರೆಸಿ ಕೆದಕಿದರೆ ಸಾಕು. ಇಲ್ಲಿ ಮಾತ್ರ ಬಕೆಟ್ಟಿಗೆ ಅರ್ಧ ಹಿಡಿ ಬೂದಿ ಹಾಕಿದರೆ ಹುಳಿ ಮುರಿಯುತ್ತದೆ, ತಪ್ಪಿಲ್ಲ.

ವಾಸನೆಯೂ ಇಲ್ಲ, ತಿಂಗಳಾದರೂ ಎಲೆ ಎಲೆಯಾಗಿಯೇ ಇದೆ ಎಂದರೆ ಒಣಗಿದೆ, ಅಥವಾ ಹಸಿಕಸ ಕಡಿಮೆ. ಸಗಣಿ ನೀರು ಅಥವಾ ಮಜ್ಜಿಗೆ ನೀರನ್ನು ಚಿಮುಕಿಸಿ, ಕೆದಕಿ, ಮತ್ತೆ ಹಿಂಡಿ ನೋಡಿ. ಎಲೆಯ ಜಾತಿಯನ್ನೂ ಗಮನಿಸಿ: ಹೊಂಗೆ, ಗ್ಲಿರಿಸಿಡಿಯಾ, ಮಳೆಮರದ ಸಣ್ಣ ಎಲೆ ಬೇಗ ಕರಗುತ್ತವೆ. ಮಾವು, ಹಲಸು, ಅಕೇಶಿಯಾ, ನೀಲಗಿರಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತವೆ. ಅವು ಒಟ್ಟು ಎಲೆಯ ಕಾಲುಭಾಗ ಮೀರದಿರಲಿ.

ಇನ್ನೊಂದು ತಪ್ಪು ನಿರೀಕ್ಷೆ: "ಬಕೆಟ್ ಬಿಸಿಯೇ ಆಗುತ್ತಿಲ್ಲ." ಗೊಬ್ಬರದ ರಾಶಿ 55ರಿಂದ 65 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲಬೇಕಾದರೆ ಸುಮಾರು ಒಂದು ಘನ ಮೀಟರ್ ರಾಶಿ ಬೇಕು. 20 ಲೀಟರಿನ ಬಕೆಟ್ ಬೆಚ್ಚಗಾದೀತು, ಅಷ್ಟೇ. ಆದ್ದರಿಂದ ಟೊಮೆಟೊ, ಕುಂಬಳ, ಪಪಾಯಿಯ ಬೀಜ ಸಾಯುವುದಿಲ್ಲ. ಗುಲಾಬಿ ಕುಂಡದಲ್ಲಿ ಟೊಮೆಟೊ ಸಸಿ ಎದ್ದರೆ ಗೊಬ್ಬರದ ದೋಷವಲ್ಲ, ಕಿತ್ತು ಬೇರೆಡೆ ನೆಡಿ. ಆದರೆ ಅದೇ ಕಾರಣಕ್ಕೆ ರೋಗ ಬಂದ ಗಿಡದ ಎಲೆ, ಗಂಟುಬೇರು ರೋಗದ ಬೇರು ಈ ಬಕೆಟ್ಟಿಗೆ ಬೀಳಲೇಬಾರದು.

ಹುಳು ಕಂಡರೆ: ಯಾವುದನ್ನು ಬಿಡಬೇಕು, ಯಾವುದನ್ನು ಹೆಕ್ಕಬೇಕು

ಬಕೆಟ್ ತೆರೆದಾಗ ಬೂದು-ಕಂದು ಬಣ್ಣದ, ಚಪ್ಪಟೆ, ಗೆಣ್ಣುಗೆಣ್ಣಾದ, ಕಾಲಿಲ್ಲದ ಹುಳುಗಳು ಗುಂಪಾಗಿ ಹೊರಳುತ್ತಿದ್ದರೆ ಗಾಬರಿ ಬೇಡ. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಬೇರನ್ನಾಗಲಿ ಗಿಡವನ್ನಾಗಲಿ ತಿನ್ನುವುದಿಲ್ಲ, ಹಸಿಕಸವನ್ನು ಮಾತ್ರ ಬಹಳ ಬೇಗ ಮುಗಿಸುತ್ತವೆ. ನೋಡಲಾಗದಿದ್ದರೆ ಎರಡಂಗುಲ ಒಣ ಎಲೆ ಮುಚ್ಚಿ, ತೇವ ತಗ್ಗಿಸಿ, ಕಡಿಮೆಯಾಗುತ್ತವೆ. ಸೀಮೆಎಣ್ಣೆ, ಫಿನಾಯಿಲ್ ಸುರಿದರೆ ಆ ಬಕೆಟ್ ಗೊಬ್ಬರ ಗಿಡಕ್ಕೆ ಬರುವುದಿಲ್ಲ.

ಹೆಕ್ಕಬೇಕಾದ್ದು ಇನ್ನೊಂದು: ಬೆಳ್ಳಗೆ, ದಪ್ಪಗೆ, ಅರ್ಧಚಂದ್ರದಂತೆ ಸುರುಳಿಯಾಗಿ ಮಲಗಿರುವುದು, ಕಂದು ತಲೆ, ತಲೆಯ ಹಿಂದೆ ಆರು ಕಾಲು. ದುಂಬಿಯ ಮರಿ ಇದು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದೇ ಗೊಬ್ಬರದ ಗುಂಡಿಯಲ್ಲಿ, ಹಾಗಾಗಿ ತೆಂಗು ಇರುವ ಹಿತ್ತಲಲ್ಲಿ ಇದನ್ನು ಬಿಡುವಂತಿಲ್ಲ. ಗೊಣ್ಣೆಹುಳುವಾದರೆ ಕುಂಡ ಸೇರಿದ ಮೇಲೆ ಬೇರನ್ನೇ ತಿನ್ನುತ್ತದೆ: ಗಿಡ ನೀರಿದ್ದೂ ಬಾಡುತ್ತದೆ, ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಗೊಬ್ಬರವನ್ನು ಜರಡಿ ಹಿಡಿಯಲು ಇದೊಂದೇ ಕಾರಣ ಸಾಕು.

ಉಳಿದವು ಸಣ್ಣ ವಿಷಯ. ಇರುವೆ ಬಂದರೆ ಒಣಗಿದೆ. ಹಣ್ಣಿನ ನೊಣ ಎದ್ದರೆ ಸಿಪ್ಪೆ ಮೇಲೇ ತೆರೆದುಕೊಂಡಿದೆ, ಮುಚ್ಚಿ. ಬಿಳಿ ಬೂಷ್ಟು ಬಂದರೆ ಒಳ್ಳೆಯದೇ. ಇಲಿ ಬಂದರೆ ಮೀನು, ಮಾಂಸ, ಕರಿದದ್ದು ಹಾಕಿದ್ದೀರಿ.

ಗೊಬ್ಬರ ಆಗಿದೆಯೋ ಇಲ್ಲವೋ

ಕಪ್ಪಾಗಿದ್ದರೆ ಆಗಿದೆ ಎಂದು ನಂಬುವುದೇ ಬಹಳ ಕುಂಡಗಳು ಕೆಡಲು ಕಾರಣ. ಹಸಿ ಗೊಬ್ಬರ ಕುಂಡದೊಳಗೆ ಕೊಳೆಯಲು ಶುರುವಾದರೆ ಬೇರಿನ ಬಳಿಯ ಗಾಳಿಯನ್ನೂ ಸಾರಜನಕವನ್ನೂ ತಾನೇ ಎಳೆದುಕೊಳ್ಳುತ್ತದೆ. ಎರಡು ಪರೀಕ್ಷೆಗಳಿವೆ. ಒಂದು, ತೇವದ ಗೊಬ್ಬರವನ್ನು ಒಂದು ಹಿಡಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಗಿದೆ. ಹುಳಿ ಅಥವಾ ನಾತ ಬಂದರೆ ಇನ್ನೂ ಎರಡು ಮೂರು ವಾರ ಬೇಕು.

ಎರಡನೆಯದು ಹೆಚ್ಚು ನಂಬಿಕೆಗೆ ಅರ್ಹ. ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಬರೀ ತೋಟದ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ. ಎರಡಕ್ಕೂ ಹತ್ತು ಹತ್ತು ಹೆಸರುಕಾಳು. ಐದಾರು ದಿನಕ್ಕೆ ಕಿತ್ತು ಬೇರು ನೋಡಿ. ಗೊಬ್ಬರದ ಲೋಟದಲ್ಲಿ ಮೊಳಕೆ ಕಡಿಮೆ ಬಂದಿದ್ದರೆ, ಬೇರು ಮೊಂಡಾಗಿ ತುದಿ ಕಂದಾಗಿದ್ದರೆ ಆ ಗೊಬ್ಬರವನ್ನು ಈಗ ಹಾಕಬೇಡಿ. ಮಣ್ಣಿನ ಲೋಟದಲ್ಲೂ ಹಾಗೇ ಆಗಿದ್ದರೆ ಕಾಳೇ ಹಳೆಯದು.

ದ್ರವಗೊಬ್ಬರ ಕೈಕೊಡುವುದು ಎಲ್ಲಿ

ಮನೆಗೊಬ್ಬರಗಳಲ್ಲಿ ನಿಜಕ್ಕೂ ಜೋರಾದದ್ದು ಕಡಲೆಕಾಯಿ ಹಿಂಡಿ. ಅದರಲ್ಲಿ ಸಾರಜನಕವೇ ಶೇ. 7ರ ಹತ್ತಿರ. ಗಿಡ ಸುಡುವುದೂ ಇದರಿಂದಲೇ ಹೆಚ್ಚು. 100 ಗ್ರಾಂ ಹಿಂಡಿಯನ್ನು 1 ಲೀಟರ್ ನೀರಿನಲ್ಲಿ ನೆನೆಸಿ, ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೆ ಎರಡು ಸಲ ಕದಡಿ. ಮೂರು ನಾಲ್ಕು ದಿನಕ್ಕೆ ಸೋಸಿ, ಒಂದು ಪಾಲಿಗೆ ಹತ್ತು ಪಾಲು ನೀರು. 12 ಅಂಗುಲದ ಕುಂಡಕ್ಕೆ ಕಾಲರಿಂದ ಅರ್ಧ ಲೀಟರ್, ಹದಿನೈದು ದಿನಕ್ಕೊಮ್ಮೆ, ಮಣ್ಣು ಮೊದಲೇ ತೇವವಿರುವಾಗ. ಒಣ ಮಣ್ಣಿಗೆ ಹಾಕಿದರೆ ಬೇರಿನ ತುದಿ ಸುಡುತ್ತದೆ. ಎರಡು ಮೂರು ಎಲೆಯ ಸಸಿಗೆ ಹಾಕಲೇಬೇಡಿ.

ಹಿಂಡಿ ನೀರಿನ ತೊಂದರೆಗಳು ಒಂದೊಂದೂ ಗುರುತು ಸಿಗುವಂಥವು. ಬಾಟಲಿಗೆ ಮುಚ್ಚಳ ಬಿಗಿದಿಟ್ಟರೆ ಅನಿಲ ತುಂಬಿ ಮುಚ್ಚಳ ಹಾರುತ್ತದೆ. ವಾರ ದಾಟಿದರೆ ಬೀದಿಯವರೆಲ್ಲ ಬಂದು ಕೇಳುವಷ್ಟು ನಾತ. ಸೋಸದೆ ಗಸಿಯನ್ನೂ ಕುಂಡಕ್ಕೆ ಸುರಿದರೆ ಎರಡೇ ದಿನದಲ್ಲಿ ಮಣ್ಣಿನ ಮೇಲೆ ಬೂಷ್ಟು ಹೆಪ್ಪುಗಟ್ಟಿ, ಸೊಳ್ಳೆಯಂಥ ಸಣ್ಣ ಕಪ್ಪು ನೊಣ ಏಳುತ್ತದೆ. ಆ ಪದರವನ್ನು ಕೆರೆದು ತೆಗೆದು, ಮಣ್ಣಿನ ಮೇಲ್ಭಾಗ ಒಣಗಲು ಬಿಟ್ಟು, ಗಸಿಯನ್ನು ಕಾಂಪೋಸ್ಟ್ ಬಕೆಟ್ಟಿಗೆ ಹಾಕಿ. ಬೇವಿನ ಹಿಂಡಿಯನ್ನು ನೆನೆಸುವ ಗೋಜೇ ಬೇಡ. ಕುಂಡ ತುಂಬುವಾಗ 12 ಅಂಗುಲದ್ದಕ್ಕೆ 50 ಗ್ರಾಂ ಮಣ್ಣಿನಲ್ಲಿ ಬೆರೆಸಿ ಎಂಟು ಹತ್ತು ದಿನ ಬಿಟ್ಟು ಗಿಡ ನೆಡಿ.

ಜೀವಾಮೃತದ ದೋಷ ಹೆಚ್ಚಾಗಿ ಲೆಕ್ಕದ್ದು. ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಹೇಳುವ ಪ್ರಮಾಣ ಎಕರೆ ಹೊಲಕ್ಕೆ: 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ತಾರಸಿಗೆ ಇದರ ಹತ್ತನೇ ಒಂದು ಪಾಲೇ ಜಾಸ್ತಿ. ಬೆಲ್ಲವನ್ನು ಕಣ್ಣಂದಾಜಿನಲ್ಲಿ ಹಾಕಿದರೆ ಕುಂಡಕ್ಕೆ ಇರುವೆ ಮುತ್ತುತ್ತದೆ. ನಲ್ಲಿ ನೀರಾದರೆ ಹಿಂದಿನ ರಾತ್ರಿ ತುಂಬಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಿ. ಕಬ್ಬಿಣದ ಡಬ್ಬ ಬೇಡ, ಬಿಸಿಲು ಬೇಡ, ವಾರದ ಮೇಲೆ ಇಡುವುದೂ ಬೇಡ. ಇದರಲ್ಲಿರುವ ಪೋಷಕಾಂಶ ಕಡಿಮೆ. ಮಣ್ಣಿನಲ್ಲಿ ಕಾಂಪೋಸ್ಟ್, ಮೇಲೆ ಎಲೆಯ ಹೊದಿಕೆ ಇಲ್ಲದ ಕುಂಡಕ್ಕೆ ಎಷ್ಟು ಜೀವಾಮೃತ ಸುರಿದರೂ ಗಿಡ ಅಷ್ಟರಲ್ಲೇ ಇರುತ್ತದೆ.

ಅಕ್ಕಿ ತೊಳೆದ ನೀರನ್ನು ಅದೇ ದಿನ ಹಾಕಿಬಿಡಿ. ಗಿಡಕ್ಕೆ ಅದರಿಂದ ಸಿಗುವುದು ಸ್ವಲ್ಪವೇ, ಹುಳಿಯಾದರೆ ಬೂಷ್ಟು ಮಾತ್ರ ಗ್ಯಾರಂಟಿ. ಉಪ್ಪು ಹಾಕಿ ಬಸಿದ ಗಂಜಿ ಬೇಡವೇ ಬೇಡ. ಚಹಾ ಗಸಿಯನ್ನು ತೊಳೆದು, ಹಾಲು ಸಕ್ಕರೆ ಹೋದ ಮೇಲೆ ಒಣಗಿಸಿ. ಕಾಫಿ ಗಸಿಯನ್ನು ಮಣ್ಣಿನ ಮೇಲೆ ದಪ್ಪಗೆ ಹರಡಿದರೆ ಒಣಗಿ ಪದರ ಕಟ್ಟಿ ನೀರು ಇಳಿಯುವುದೇ ಇಲ್ಲ. ಎರಡನ್ನೂ ಬಕೆಟ್ಟಿಗೇ ಹಾಕುವುದು ವಾಸಿ. ಬಾಳೆಸಿಪ್ಪೆಯಲ್ಲಿ ಪೊಟ್ಯಾಶ್ ಇದೆ, ನಿಜ. ನೆನೆಸಿದ ನೀರಿಗಿಂತ ಹೆಚ್ಚಿ ಗೊಬ್ಬರ ಮಾಡಿದರೆ ಪೂರ್ತಿ ದಕ್ಕುತ್ತದೆ.

ಬೂದಿಯ ಮಾತು ಊರಿನ ಮಣ್ಣಿನ ಮೇಲೆ ನಿಂತಿದೆ. ಮಲೆನಾಡು, ಕರಾವಳಿಯ ಮಳೆಗೆ ತೊಳೆದ ಹುಳಿ ಮಣ್ಣಿನಲ್ಲಿ ಬೂದಿ ಕ್ಷಾರವನ್ನೂ ಪೊಟ್ಯಾಶನ್ನೂ ಕೊಟ್ಟು ಉಪಕಾರ ಮಾಡುತ್ತದೆ. ಬಯಲುಸೀಮೆಯ ಕ್ಷಾರ ಮಣ್ಣು, ಗಡಸು ಬೋರ್‌ವೆಲ್ ನೀರಿನ ಜಾಗದಲ್ಲಿ ಅದೇ ಬೂದಿ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. ಹಾಕುವುದಾದರೆ 12 ಅಂಗುಲದ ಕುಂಡಕ್ಕೆ ಒಂದು ದೊಡ್ಡ ಚಮಚ, ಎರಡು ತಿಂಗಳಿಗೊಮ್ಮೆ. ಹಿಂಡಿ ನೀರು ಕೊಟ್ಟ ವಾರ ಬೂದಿ ಬೇಡ. ಪ್ಲೈವುಡ್, ಬಣ್ಣ ಹಚ್ಚಿದ ಮರ, ಪ್ಲಾಸ್ಟಿಕ್ ಸುಟ್ಟ ಬೂದಿ ತೋಟಕ್ಕಲ್ಲ.

ಎಲೆ ನೋಡುವ ಮೊದಲು ಬೆರಳು

ಎಲೆ ಹಳದಿಯಾದ ಕೂಡಲೇ ಗೊಬ್ಬರ ಅನ್ನಬೇಡಿ. ಬೆರಳನ್ನು ಎರಡು ಅಂಗುಲ ಮಣ್ಣಿಗೆ ಇಳಿಸಿ. ಕೆಳಗೆ ಕೆಸರಾಗಿದ್ದರೆ ಬೇರು ಉಸಿರುಗಟ್ಟಿದೆ; ಕುಂಡದ ತೂತು ಬಿಡಿಸಿ, ನೀರು ನಿಲ್ಲಿಸಿ, ಬೇರೇನೂ ಕೊಡಬೇಡಿ. ಬೇರು ಕೊಳೆತಿದ್ದರೆ ಗೊಬ್ಬರ ವಿಷವಾಗುತ್ತದೆ.

ನೀರು ಸರಿಯಿದೆ ಎಂದಾದರೆ ಹಳದಿ ಎಲ್ಲಿಂದ ಶುರುವಾಗಿದೆ ನೋಡಿ. ಕೆಳಗಿನ ಹಳೆ ಎಲೆಗಳು ಸಮನಾಗಿ ಹಳದಿಯಾದರೆ ಸಾರಜನಕದ ಕೊರತೆ. ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಚಿಗುರಿಗೆ ಕಳಿಸುತ್ತಿದೆ. ಹೊಸ ಕುಂಡ ತುಂಬಿದ ಮೂರು ನಾಲ್ಕು ವಾರಕ್ಕೆ ಇಡೀ ಗಿಡ ಬಿಳಿಚಿಕೊಂಡು ಬೆಳವಣಿಗೆ ನಿಂತಿದ್ದರೆ, ಅರೆಕೊಳೆತ ಎಲೆ ಅಥವಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಾಗಿ ಸಾರಜನಕ ಅಲ್ಲಿ ಕಟ್ಟಿಕೊಂಡಿದೆ. ಎರಡಕ್ಕೂ ಮೇಲಿನ ಪ್ರಮಾಣದ ಹಿಂಡಿ ನೀರು ಹತ್ತು ದಿನದ ಅಂತರದಲ್ಲಿ ಎರಡು ಸಲ.

ಹಳೆ ಎಲೆಯಲ್ಲೇ ನರ ಹಸಿರು, ನಡುವೆ ಹಳದಿ ಆಗಿದ್ದರೆ ಮೆಗ್ನೀಸಿಯಂ. ಎಪ್ಸಮ್ ಸಾಲ್ಟ್ ಲೀಟರಿಗೆ 5 ಗ್ರಾಂ, ಎಲೆಗೆ ಸಿಂಪಡಣೆ. ಸುಮ್ಮಸುಮ್ಮನೆ ಎಲ್ಲ ಕುಂಡಕ್ಕೂ ಹಾಕುವ ಪುಡಿಯಲ್ಲ ಅದು. ಹೆಚ್ಚಾದರೆ ಬೇರು ಸುಣ್ಣಾಂಶ ಹೀರುವುದಕ್ಕೆ ಅಡ್ಡಿ.

ಚಿಗುರೆಲೆಯಲ್ಲಿ ನರ ಹಸಿರು, ನಡುವೆ ಹಳದಿ ಅಥವಾ ಬಿಳಿ ಆಗಿದ್ದರೆ ಕಬ್ಬಿಣ. ಬೋರ್‌ವೆಲ್ ನೀರಿನ ತಾರಸಿಗಳಲ್ಲಿ ಗುಲಾಬಿ, ದಾಸವಾಳ, ಕರಿಬೇವು, ನಿಂಬೆ ಇವುಗಳಲ್ಲಿ ತೀರಾ ಸಾಮಾನ್ಯ. ಕಬ್ಬಿಣ ಮಣ್ಣಿನಲ್ಲಿ ಇದ್ದರೂ ಕ್ಷಾರದಿಂದ ಬೇರಿಗೆ ಸಿಗುವುದಿಲ್ಲ, ಹಾಗಾಗಿ ಕುಂಡದಲ್ಲಿ ಮೊಳೆ ಹೂತಿಟ್ಟರೆ ಉಪಯೋಗವಿಲ್ಲ. ಅನ್ನಭೇದಿ (ಫೆರಸ್ ಸಲ್ಫೇಟ್) ಲೀಟರಿಗೆ 2ರಿಂದ 3 ಗ್ರಾಂ, ಅರ್ಧ ನಿಂಬೆಹಣ್ಣಿನ ರಸ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಂದು ಸಲ. ಅನ್ನಭೇದಿ ತಿಳಿಹಸಿರು ಹರಳು. ಅಂಗಡಿಯಲ್ಲಿ ಕಡುನೀಲಿ ಹರಳು ಕೊಟ್ಟರೆ ಅದು ಮೈಲುತುತ್ತ (ತಾಮ್ರದ ಸಲ್ಫೇಟ್), ವಾಪಸು ಕೊಡಿ. ಕದಡಿದ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಕೆಟ್ಟಿದೆ, ಚೆಲ್ಲಿ ಹೊಸದು ಮಾಡಿಕೊಳ್ಳಿ.

ಎಲೆಯ ತುದಿ, ಅಂಚು ಸುಟ್ಟಂತಾಗಿ, ಕುಂಡದ ಅಂಚಿನಲ್ಲಿ ಬಿಳಿ ಗೆರೆ ಕಟ್ಟಿದ್ದರೆ ಉಪ್ಪು ಕೂತಿದೆ. ಅತಿ ಹಿಂಡಿ, ಗಡಸು ನೀರು, ತೊಳೆಯದ ಕೋಕೋಪೀಟ್ ಮೂರರಲ್ಲಿ ಒಂದು. ಇಟ್ಟಿಗೆಯ ರೂಪದಲ್ಲಿ ಅಗ್ಗಕ್ಕೆ ಸಿಗುವ ಕೋಕೋಪೀಟನ್ನು ನೆನೆಸಿ, ಹಿಂಡಿ, ಎರಡು ಮೂರು ನೀರಿನಲ್ಲಿ ತೊಳೆಯದೆ ಬಳಸಬಾರದು. ಈಗಾಗಲೇ ಕೂತ ಉಪ್ಪಿಗೆ ಮದ್ದು ನೀರೇ: 12 ಅಂಗುಲದ ಕುಂಡಕ್ಕೆ 25ರಿಂದ 30 ಲೀಟರ್, ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು ಮೂರು ಕಂತಿನಲ್ಲಿ, ತಳದಿಂದ ಧಾರಾಳವಾಗಿ ಹರಿದುಹೋಗುವಂತೆ. ಮಳೆನೀರು ಹಿಡಿದಿಟ್ಟಿದ್ದರೆ ಇದಕ್ಕೇ ಬಳಸಿ. ಆಮೇಲೆ ಮೂರು ವಾರ ಯಾವ ಗೊಬ್ಬರವೂ ಇಲ್ಲ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಕುಳಿಬಿದ್ದರೆ ಸುಣ್ಣಾಂಶ ಕಾಯಿಗೆ ತಲುಪಿಲ್ಲ ಎಂದರ್ಥ, ಮಣ್ಣಿನಲ್ಲಿ ಇಲ್ಲವೆಂದಲ್ಲ. ಸುಣ್ಣಾಂಶ ನೀರಿನ ಜೊತೆಯೇ ಸಾಗುತ್ತದೆ. ಒಂದು ದಿನ ಬಾಡಿಸಿ ಮರುದಿನ ಮುಳುಗಿಸಿದರೆ ಸಾಗಾಟ ತಪ್ಪುತ್ತದೆ. ಮೊಟ್ಟೆ ಚಿಪ್ಪನ್ನು ಹಿಟ್ಟಿನಂತೆ ನುಣ್ಣಗೆ ಪುಡಿ ಮಾಡಿ ಹಾಕಿದರೂ ಕರಗಲು ತಿಂಗಳುಗಳು ಬೇಕು, ಗಡಸು ನೀರಿನ ಕುಂಡದಲ್ಲಿ ಅದೂ ಕಷ್ಟ. ದಿನವೂ ಸಮನಾಗಿ ನೀರು, ಮೇಲೆ ಎರಡಂಗುಲ ಎಲೆ ಹೊದಿಕೆ: ಮುಂದಿನ ಗೊಂಚಲು ಸರಿಯಾಗಿ ಬರುತ್ತದೆ. ಕಪ್ಪಾದ ಕಾಯಿಯನ್ನು ಕಿತ್ತುಬಿಡಿ.

ಸೊಪ್ಪು ಸೊಂಪಾಗಿದ್ದು ಹೂವಿಲ್ಲದಿದ್ದರೆ ಹಿಂಡಿ ನಿಲ್ಲಿಸಿ, ಕುಂಡಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುತ್ತದೆಯೇ ಎಣಿಸಿ. ಬಿಸಿಲಿಲ್ಲದ ಕಡೆ ಯಾವ ಗೊಬ್ಬರಕ್ಕೂ ಹೂ ಬರದು.

ಮಳೆಗಾಲದ ಬಕೆಟ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ದೂರುಗಳಲ್ಲಿ ಮುಕ್ಕಾಲುಪಾಲು ಒಣ ಎಲೆ ಮುಗಿದುಹೋದದ್ದರಿಂದಲೇ. ಎಲೆ ಉದುರುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಆಗಲೇ ಗುಡಿಸಿ, ಪ್ಲಾಸ್ಟಿಕ್ ಗಾಜು ಹೆಕ್ಕಿ, ಬಿಸಿಲಲ್ಲಿ ಗರಿಗರಿಯಾದಾಗ ತುಳಿದು ಪುಡಿ ಮಾಡಿ ಸಿಮೆಂಟ್ ಚೀಲಕ್ಕೆ ತುಂಬಿ ಮಾಡಿನ ಕೆಳಗೆ ಇಡಿ. ಪುಡಿ ಮಾಡಿದರೆ ಐದು ಚೀಲದ ಎಲೆ ಒಂದೆರಡು ಚೀಲಕ್ಕೆ ಇಳಿಯುತ್ತದೆ. ನಾಲ್ಕು ಜನರ ಮನೆಗೆ ಮಳೆಗಾಲ ದಾಟಲು ಇಂಥ ಎಂಟು ಹತ್ತು ಚೀಲ ಪುಡಿ ಇರಲಿ. ಇಲ್ಲದಿದ್ದರೆ ತೊಳೆದು ಒಣಗಿಸಿದ ಕೋಕೋಪೀಟ್ ಹಸಿಕಸಕ್ಕೆ ಸಮ ಅಳತೆಯಲ್ಲಿ ಹಾಕಬಹುದು, ಖರ್ಚು ಮಾತ್ರ ಹೆಚ್ಚು. ಮುಚ್ಚಳದ ಮೇಲೆ ಒಂದು ಹಳೆ ಬೋಗುಣಿ ಬೋರಲು ಹಾಕಿದರೆ ಎರಚಲು ಒಳಗೆ ಇಳಿಯುವುದಿಲ್ಲ. ತಟ್ಟೆಗೆ ಇಳಿದ ಕಂದು ನೀರನ್ನು ಎರಡು ದಿನಕ್ಕೊಮ್ಮೆ ಖಾಲಿ ಮಾಡಿ, ಸೊಳ್ಳೆ ಮೊಟ್ಟೆಯಿಡುತ್ತದೆ. ಅದನ್ನು ಇಪ್ಪತ್ತು ಪಾಲು ನೀರಿಗೆ ಬೆರೆಸಿ ಹೂಗಿಡಗಳ ಬುಡಕ್ಕೆ ಹಾಕಬಹುದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ, ನಾತ ಬರುತ್ತಿದ್ದರೆ ಯಾವುದಕ್ಕೂ ಬೇಡ.